ಕೇಜಿಗೆ ಇಳಿಯುವ ಮುನ್ನ: ತಮ್ಮನ ಮಗಳಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಸಿಂಚನಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಪದವಿ ಮುಗಿದ ಮೇಲೆ ಊರಿಗೆ ಮರಳದೆ ಬೆಂಗಳೂರಿನಲ್ಲೇ ಉಳಿದು ವೃತ್ತಿಪರ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್: ಗುದ್ದು, ಒದೆ, ಕುಸ್ತಿ ಎಲ್ಲವೂ ಸೇರಿದ, ಕೇಜು ಎಂಬ ಜಾಲರಿಯ ಅಖಾಡದಲ್ಲಿ ಆಡುವ ಹೋರಾಟ) ಸ್ಪರ್ಧೆಗಳಿಗೆ ಇಳಿಯಬೇಕೆಂದಿರುವೆ, ಅದಕ್ಕೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ, ಆಟ ಗೊತ್ತಿರುವವರು ನೀವೊಬ್ಬರೇ ಎಂದು ನೀನು ಬರೆದದ್ದನ್ನು ಓದಿದೆ. ನಿಮ್ಮಪ್ಪನಿಗೆ ಹೇಳಬೇಕಾದದ್ದನ್ನು ಅವನಿಗೇ ಹೇಳುತ್ತೇನೆ. ಎಷ್ಟಾದರೂ ಅವನು ನನ್ನ ತಮ್ಮ, ನನ್ನೆದುರು ಅವನ ಕೂಗಾಟ ಹೆಚ್ಚು ಹೊತ್ತು ನಡೆಯುವುದಿಲ್ಲ. ಈ ಪತ್ರ ನಿನಗೆ. ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಜೂಡೋ, ಕಬಡ್ಡಿ ಕಲಿಸುತ್ತಲೇ ನಿವೃತ್ತಳಾದವಳು ನಾನು. ಹೊಡೆದಾಟದ ಆಟವನ್ನು ಕಂಡು ಹೆದರುವವಳಲ್ಲ, ಕಂಡು ಮೈಮರೆಯುವವಳೂ ಅಲ್ಲ.

ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬ ಮಾತಿಗೆ ಇಲ್ಲಿ ಹೆಚ್ಚು ಜಾಗ ಕೊಡುವುದಿಲ್ಲ. ಮುಖಕ್ಕೆ ಗಾಯವಾದರೆ ಗಂಡು ಸಿಗುವುದಿಲ್ಲವೆಂದು ನಿಮ್ಮ ಚಿಕ್ಕಮ್ಮ ಹೇಳಿದರಂತೆ. ಗಾಯ ನೋಡಿ ಹಿಂದೆ ಸರಿಯುವ ಗಂಡು ಸರಿದುಹೋಗುವುದೇ ಲೇಸು. ಮೈಸೂರು ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿದು ‘ದಸರಾ ಕಿಶೋರಿ’ ಎನ್ನಿಸಿಕೊಳ್ಳುತ್ತಿರುವಾಗ ನಾವು ಇನ್ನೂ ಈ ಮಾತಿನಲ್ಲೇ ನಿಂತಿದ್ದೇವೆ. ಅಮೆರಿಕದವರೂ ಇದೇ ಮಾತು ಆಡಿದವರೇ. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಜೀನಾ ಕರಾನೊ ಮತ್ತು ಬ್ರೆಜಿಲ್‌ನ ಕ್ರಿಸ್ ಸೈಬೋರ್ಗ್ ಸೆಣಸಿದಾಗ, ದೊಡ್ಡ ಎಂಎಂಎ ಕಾರ್ಯಕ್ರಮವೊಂದರ ಮುಖ್ಯ ಪಂದ್ಯ ಹೆಂಗಸರದ್ದಾದದ್ದು ಅದೇ ಮೊದಲು. ಅದಾದ ಮೇಲೂ, 2011ರಲ್ಲಿ, ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ ಮುಖ್ಯಸ್ಥ ಡೇನಾ ವೈಟ್ ತಮ್ಮ ಸಂಸ್ಥೆಯಲ್ಲಿ ಹೆಂಗಸರು ಎಂದಿಗೂ ಹೋರಾಡುವುದಿಲ್ಲವೆಂದು ಹೇಳಿದ್ದರು. ಎರಡೇ ವರ್ಷಕ್ಕೆ, 2013ರ ಫೆಬ್ರುವರಿ 23ರಂದು, ಅನಹೈಮ್‌ನಲ್ಲಿ ರೋಂಡಾ ರೌಸಿ ಮತ್ತು ಲಿಜ್ ಕಾರ್ಮೂಶ್ ಅವರ ಪಂದ್ಯವನ್ನು ಅದೇ ಸಂಸ್ಥೆ ಆ ರಾತ್ರಿಯ ಮುಖ್ಯ ಪಂದ್ಯವನ್ನಾಗಿ ನಡೆಸಿತು. ಟಿಕೆಟ್ ಖರ್ಚಾಗುತ್ತದೆಂದು ಗೊತ್ತಾದ ಮೇಲೆ ‘ಎಂದಿಗೂ’ ಎಂಬ ಮಾತಿನ ಆಯುಸ್ಸು ಅಷ್ಟೇ.

ನಮ್ಮ ದೇಶದವರೂ ಈಗ ಅಲ್ಲಿಗೆ ತಲುಪಿದ್ದಾರೆ. ಹರಿಯಾಣದ ಬಲಾಲಿಯ ರಿತು ಫೋಗಟ್ ಕುಸ್ತಿಯನ್ನು ಬಿಟ್ಟು ಸಿಂಗಪುರಕ್ಕೆ ಹೋಗಿ ತರಬೇತಿ ಪಡೆದು, 2019ರಲ್ಲಿ ಅಲ್ಲಿನ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಪಂದ್ಯ ಗೆದ್ದು, 2021ರ ಡಿಸೆಂಬರ್‌ನಲ್ಲಿ ಅದರ ಗ್ರ್ಯಾಂಡ್ ಪ್ರಿ ಟೂರ್ನಿಯ ಫೈನಲ್‌ವರೆಗೂ ಬಂದರು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಪೂಜಾ ತೋಮರ್ ಚೀನಾ ಮೂಲದ ಸಮರಕಲೆ ವುಶು ಆಡಿಕೊಂಡು ಬೆಳೆದವರು; 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಬ್ರೆಜಿಲ್‌ನ ಸ್ಪರ್ಧಿಯನ್ನು ಸೋಲಿಸಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಇವರಿಬ್ಬರ ದಾರಿಯಲ್ಲಿ ನೀನು ಗಮನಿಸಬೇಕಾದದ್ದೊಂದಿದೆ: ಇಬ್ಬರೂ ಎಂಎಂಎಗೆ ಬರುವ ಮೊದಲೇ ಒಂದೊಂದು ಆಟದಲ್ಲಿ ಪಳಗಿದ್ದರು, ಮತ್ತು ಇಬ್ಬರೂ ಆ ಒಂದು ಆಟವೇ ಸಾಕೆಂದು ಕುಳಿತವರಲ್ಲ.

ನೀನು ರಾಜ್ಯಮಟ್ಟದ ಜೂಡೋ ಪಟು ಎಂಬ ಹೆಮ್ಮೆ ನನಗಿದೆ; ಆದರೆ ನಿನ್ನ ಜೂಡೋ ಕೇಜಿನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಹಿಡಿಯುವುದಕ್ಕೆ ಎದುರಾಳಿಯ ಅಂಗಿಯ ಕಾಲರ್ ಇಲ್ಲ, ಅಂಗಿಯ ತೋಳಿಲ್ಲ. ಕಾಲಿಗೆ ಕೈಹಾಕಿ ಕೆಡವುವವರನ್ನು ತಡೆಯುವ ಅಭ್ಯಾಸ ನಿನಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀನು ಹಿಡಿತಕ್ಕೆ ಹೋಗುವಷ್ಟರಲ್ಲಿ ಮುಖಕ್ಕೆ ಏಟು ಬೀಳುತ್ತದೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದಿದ್ದ ರೌಸಿ ಒಬ್ಬರಾದ ಮೇಲೊಬ್ಬರ ಕೈ ಹಿಡಿದು, ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಪಟ್ಟು ಹಾಕಿ ಗೆಲ್ಲುತ್ತಿದ್ದವರು, 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಐವತ್ತಾರು ಸಾವಿರ ಜನರ ಮುಂದೆ ಬಾಕ್ಸಿಂಗ್‌ನಿಂದ ಬಂದ ಹಾಲಿ ಹೋಮ್ ಎಂಬವರನ್ನು ಅಟ್ಟಿಸಿಕೊಂಡು ಹೋದರು, ಹಿಡಿಯಲಾಗಲಿಲ್ಲ, ಎರಡನೆಯ ರೌಂಡಿನಲ್ಲಿ ತಲೆಗೆ ಬಿದ್ದ ಒದೆಗೆ ನೆಲಕ್ಕುರುಳಿದರು. ಕೇಲಾ ಹ್ಯಾರಿಸನ್ ಅವರನ್ನು ನೋಡು: ಲಂಡನ್ ಮತ್ತು ರಿಯೋ ಎರಡೂ ಒಲಿಂಪಿಕ್ಸ್‌ಗಳಲ್ಲಿ ಜೂಡೋ ಚಿನ್ನ ಗೆದ್ದವರು, 2016ರ ಚಿನ್ನದ ನಂತರ ಮೊದಲ ವೃತ್ತಿಪರ ಪಂದ್ಯಕ್ಕೆ ಇಳಿದದ್ದು 2018ರಲ್ಲಿ. ಒಲಿಂಪಿಕ್ ಚಿನ್ನದವರೇ ಎರಡು ವರ್ಷ ಕಾದಿರುವಾಗ, ಮೂರು ತಿಂಗಳಲ್ಲಿ ಪಂದ್ಯ ಕೊಡಿಸುತ್ತೇನೆನ್ನುವವನ ಮಾತನ್ನು ನಂಬಬೇಡ. ಕನಿಷ್ಠ ಒಂದು ವರ್ಷ ಏಟು ಕೊಡುವುದನ್ನೂ ತಪ್ಪಿಸಿಕೊಳ್ಳುವುದನ್ನೂ ಕಲಿ, ಹವ್ಯಾಸಿ ಪಂದ್ಯಗಳನ್ನು ಆಡು, ಆಮೇಲೆ ವೃತ್ತಿಯ ಮಾತು.

ಇನ್ನು ನಾನು ಈ ಪತ್ರ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. ಹೇಗೆ ಹೊಡೆಯಬೇಕೆಂದು ಕಲಿಸುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಪಂದ್ಯವನ್ನು ಯಾವಾಗ ನಿಲ್ಲಿಸಬೇಕೆಂದು ಬಲ್ಲವರು ಸಿಗುವುದು ಕಷ್ಟ. ಆದ್ದರಿಂದ ಕೋಚ್ ಎಷ್ಟು ಪಂದ್ಯ ಗೆದ್ದಿದ್ದಾನೆಂದು ಕೇಳುವ ಮೊದಲು, ತನ್ನ ಶಿಷ್ಯರ ಪಂದ್ಯವನ್ನು ಅವನೇ ನಿಲ್ಲಿಸಿದ್ದುಂಟೇ ಎಂದು ಕೇಳು.

2018ರ ಮೇ ತಿಂಗಳಿನಲ್ಲಿ ರಿಯೋ ಡಿ ಜನೈರೋದಲ್ಲಿ ನಡೆದ ಪಂದ್ಯವನ್ನು ನೀನು ಹುಡುಕಿ ನೋಡಬೇಕು. ಚಾಂಪಿಯನ್ ಅಮಾಂಡಾ ನುನೆಸ್ ಎದುರು ಅಮೆರಿಕದ ರಕೆಲ್ ಪೆನ್ನಿಂಗ್ಟನ್ ನಾಲ್ಕು ರೌಂಡು ಏಟು ತಿಂದು ತಮ್ಮ ಮೂಲೆಗೆ ಬಂದು ಕುಳಿತಾಗ, ಇನ್ನು ನನ್ನಿಂದಾಗದು, ನಿಲ್ಲಿಸಿಬಿಡೋಣ ಎಂದು ಕೋಚ್‌ಗೆ ಸ್ಪಷ್ಟವಾಗಿ ಹೇಳಿದರು. ಕೋಚ್ ಒಪ್ಪಲಿಲ್ಲ, ಮನಸ್ಸು ಗಟ್ಟಿಮಾಡಿಕೊ ಎಂದು ಹುರಿದುಂಬಿಸಿ ಐದನೆಯ ರೌಂಡಿಗೆ ಕಳುಹಿಸಿದರು. ಆ ರೌಂಡಿನ ಅರ್ಧದಲ್ಲಿ, ನೆಲದ ಮೇಲೆ ಏಟಿನ ಮೇಲೆ ಏಟು ಬೀಳುತ್ತಿರುವಾಗ, ರೆಫರಿ ಪಂದ್ಯ ನಿಲ್ಲಿಸಬೇಕಾಯಿತು. ಪೆನ್ನಿಂಗ್ಟನ್ ಆಮೇಲೆ ತಮ್ಮ ಕೋಚ್‌ನ ಪರವಾಗಿಯೇ ಮಾತಾಡಿದರು, 2024ರ ಜನವರಿಯಲ್ಲಿ ಅದೇ ತೂಕದ ಚಾಂಪಿಯನ್ ಕೂಡ ಆದರು. ಇದನ್ನು ತೋರಿಸಿ, ಕಳುಹಿಸಿದ್ದೇ ಸರಿಯಾಯಿತಲ್ಲ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಮುಂದೆ ಬಂದ ಗೆಲುವು ಅಂದು ತಿಂದ ಅನಗತ್ಯ ಏಟುಗಳನ್ನು ಅಳಿಸುವುದಿಲ್ಲ. ಹೋರಾಡುವವಳೇ ಬಾಯಿಬಿಟ್ಟು ಸಾಕೆಂದ ಮೇಲೆ ಅದನ್ನು ಪಾಲಿಸುವುದೊಂದೇ ಮೂಲೆಯಲ್ಲಿ ನಿಂತವರ ಕೆಲಸ. ನಿನ್ನಂಥ ಹಟಮಾರಿಗಳು ಸಾಕು ಎನ್ನುವುದೇ ಅಪರೂಪ, ಅಂದ ಮೇಲೆ ನೀನು ಅನ್ನದಿದ್ದಾಗಲೂ ನಿಲ್ಲಿಸುವ ಧೈರ್ಯ ಅವರಿಗಿರಬೇಕು.

ಅದೇ ರೀತಿ ಟ್ಯಾಪ್ ಮಾಡುವುದನ್ನು, ಅಂದರೆ ಪಟ್ಟಿಗೆ ಸಿಕ್ಕಾಗ ಕೈ ತಟ್ಟಿ ಸೋಲೊಪ್ಪಿಕೊಳ್ಳುವುದನ್ನು, ಕಲಿತುಕೊ. 2012ರಲ್ಲಿ ಮೀಷಾ ಟೇಟ್, ರೌಸಿಯ ಆರ್ಮ್‌ಬಾರ್‌ನಲ್ಲಿ ಮೊಣಕೈ ಕೀಲು ತಪ್ಪುವವರೆಗೂ ತಡೆದುಕೊಂಡು ಆಮೇಲೆ ಟ್ಯಾಪ್ ಮಾಡಿದರು. 2016ರಲ್ಲಿ ಅದೇ ಟೇಟ್ ಹಿಂದಿನಿಂದ ಕುತ್ತಿಗೆ ಬಿಗಿದಾಗ ಹೋಮ್ ಟ್ಯಾಪ್ ಮಾಡದೆ ಪ್ರಜ್ಞೆ ತಪ್ಪಿದರು, ಪಟ್ಟ ಕಳೆದುಕೊಂಡರು. ಪ್ರಪಂಚದ ಪಟ್ಟ ಪಣಕ್ಕಿಟ್ಟ ರಾತ್ರಿ ಅನುಭವಿಯೊಬ್ಬಳು ಏನು ನಿರ್ಧರಿಸುತ್ತಾಳೆಂಬುದು ಅವಳಿಗೆ ಬಿಟ್ಟದ್ದು. ಆದರೆ ಜಿಮ್ಮಿನಲ್ಲಿ ಮಂಗಳವಾರ ಸಂಜೆಯ ಅಭ್ಯಾಸದಲ್ಲಿ ತೋಳು ಮುರಿಸಿಕೊಳ್ಳುವವರಿಗೆ ಯಾರೂ ಪಟ್ಟ ಕಟ್ಟುವುದಿಲ್ಲ. ಪಟ್ಟು ಬಿಗಿಯುವ ಮೊದಲೇ ಟ್ಯಾಪ್ ಮಾಡು, ಎದ್ದು ಮತ್ತೆ ಶುರುಮಾಡು.

ತಲೆಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಕೈ ಮುರಿದರೆ ಕೂಡುತ್ತದೆ; ಮಿದುಳು ಅಲುಗಾಡಿದ ಪೆಟ್ಟುಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಜೂಡೋ ದಿನಗಳಿಂದಲೇ ತಲೆಗೆ ಅಂಥ ಪೆಟ್ಟುಗಳಾಗಿದ್ದವೆಂದು ರೌಸಿ ಆಟ ಬಿಟ್ಟು ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಪಂದ್ಯಗಳಿಗಿಂತ ಹೆಚ್ಚು ಏಟು ಬೀಳುವುದು ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರರೊಂದಿಗಿನ ಅಭ್ಯಾಸದ ಹೊಡೆದಾಟದಲ್ಲಿ. ನಮ್ಮ ಜಿಮ್ಮುಗಳಲ್ಲಿ ಹೆಣ್ಣುಮಕ್ಕಳು ಕಡಿಮೆಯಿರುವುದರಿಂದ ನಿನಗಿಂತ ಹತ್ತು ಹದಿನೈದು ಕೆಜಿ ಹೆಚ್ಚಿರುವ ಹುಡುಗರೊಂದಿಗೆ ಸ್ಪಾರಿಂಗ್ ಮಾಡಬೇಕಾಗಿ ಬರುತ್ತದೆ; ಕೈ ಹಗುರ ಮಾಡಬಲ್ಲವರನ್ನು ಮಾತ್ರ ಆರಿಸಿಕೊ, ಹೆಂಗಸೊಬ್ಬಳ ಕೈಯಲ್ಲಿ ಏಟು ತಿಂದೆನೆಂದು ಮುಖ ಕೆಂಪಗೆ ಮಾಡಿಕೊಳ್ಳುವವರ ಹತ್ತಿರವೂ ಹೋಗಬೇಡ. ತಲೆಸುತ್ತು, ವಾಂತಿ, ಬೆಳಕು ಕಂಡರೆ ನೋವು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಅಭ್ಯಾಸ ಮುಗಿಯಿತು, ವೈದ್ಯರು ಹೇಳುವವರೆಗೆ ಮತ್ತೆ ಆರಂಭವಿಲ್ಲ.

ಅಮೆರಿಕದ ನೆವಾಡದಂಥ ರಾಜ್ಯಗಳಲ್ಲಿ ಸರ್ಕಾರಿ ಆಯೋಗವೇ ಸ್ಪರ್ಧಿಗಳಿಗೆ ಪರವಾನಗಿ ಕೊಡುತ್ತದೆ, ನಾಕೌಟ್ ಆದವರನ್ನು ನಿರ್ದಿಷ್ಟ ಅವಧಿ ಕಡ್ಡಾಯವಾಗಿ ಹೊರಗಿಡುತ್ತದೆ. ನಮ್ಮಲ್ಲಿ ಅಂಥ ಕಾನೂನುಬದ್ಧ ಆಯೋಗವಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಯುವಕನೊಬ್ಬ ತೀರಿಕೊಂಡ. ಅಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಆದ್ದರಿಂದ ಸಹಿ ಹಾಕುವ ಮೊದಲು, ಕೇಜಿನ ಪಕ್ಕದಲ್ಲಿ ವೈದ್ಯರಿರುತ್ತಾರೆಯೇ, ಆಂಬುಲೆನ್ಸ್ ಬಾಗಿಲಲ್ಲೇ ನಿಂತಿರುತ್ತದೆಯೇ, ನರರೋಗ ವಿಭಾಗವಿರುವ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ ಬರವಣಿಗೆಯಲ್ಲಿ ಪಡೆದುಕೊ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಆಯೋಜಕರ ಪಂದ್ಯ ನಿನಗೆ ಬೇಡ.

ಇನ್ನು ತೂಕ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಐವತ್ತು ಕೆಜಿ ವಿಭಾಗದ ಫೈನಲ್ ದಿನ ಬೆಳಿಗ್ಗೆ ನೂರು ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದಾಗ ದೇಶವೆಲ್ಲ ಮರುಗಿತು. ಕುಸ್ತಿಯಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ. ಎಂಎಂಎಯಲ್ಲಿ ಸಾಮಾನ್ಯವಾಗಿ ಹಿಂದಿನ ದಿನ. ನಡುವೆ ಒಂದು ದಿನ ಸಿಗುವುದೆಂಬ ಆಸೆಗೆ ಇಲ್ಲಿ ಜನ ಬಿಸಿನೀರಿನ ತೊಟ್ಟಿಯಲ್ಲಿ ಕೂತು, ನೀರು ಬಿಟ್ಟು, ಇನ್ನೂ ಹೆಚ್ಚು ಕೆಜಿ ಇಳಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಹೀಗೆ ತೂಕ ಇಳಿಸುತ್ತಿದ್ದ ಚೀನಾದ ಯುವ ಸ್ಪರ್ಧಿಯೊಬ್ಬ ಮನಿಲಾದಲ್ಲಿ ಪ್ರಾಣಬಿಟ್ಟ ಮೇಲೆಯೇ ಒನ್ ಚಾಂಪಿಯನ್‌ಶಿಪ್, ಮೈಯಲ್ಲಿ ನೀರಿನಂಶ ಎಷ್ಟಿದೆಯೆಂದು ಮೂತ್ರ ಪರೀಕ್ಷಿಸುವ ನಿಯಮ ತಂದದ್ದು. ನೀನು ಈಗ ಅರವತ್ತು ಕೆಜಿ ಇದ್ದೀಯ. ಪೂಜಾ ತೋಮರ್ ಆಡುವ 52.2 ಕೆಜಿಯ ಸ್ಟ್ರಾವೇಟ್‌ಗೆ ನಿನ್ನನ್ನು ಇಳಿಸಬೇಕೆಂದು ಯಾರೋ ಹೇಳಿದರೆಂದು ಬರೆದಿರುವೆ, ಬೇಡ. 56.7 ಕೆಜಿಯ ಫ್ಲೈವೇಟ್‌ಗೆ ಊಟ ಸರಿಪಡಿಸಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಇಳಿಯಬಹುದು, ಇಲ್ಲವೆ 61.2 ಕೆಜಿ ವಿಭಾಗದಲ್ಲೇ ಆಡಬಹುದು. ತಿನ್ನುವುದಕ್ಕಿಂತ ಹೆಚ್ಚು ದಣಿದರೆ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮುಟ್ಟು ನಿಂತದ್ದನ್ನು ಅನುಕೂಲವೆಂದು ಭಾವಿಸುವ ಹುಡುಗಿಯರನ್ನು ನಾನು ಹಾಸ್ಟೆಲುಗಳಲ್ಲಿ ಕಂಡಿದ್ದೇನೆ. ಅದು ಮೈ ಕೊಡುವ ಎಚ್ಚರಿಕೆ. ಈ ಮಾತನ್ನು ಸಂಕೋಚವಿಲ್ಲದೆ ಆಡಲು ಬಾರದ ಕೋಚ್ ಇದ್ದರೆ, ಜೊತೆಗೆ ಸ್ತ್ರೀರೋಗ ತಜ್ಞೆಯೊಬ್ಬರನ್ನು ಇಟ್ಟುಕೊ.

ಹಣದ ಬಗ್ಗೆ ನಿನಗಿರುವ ಕಲ್ಪನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಹೆಚ್ಚಿನ ಕರಾರುಗಳಲ್ಲಿ ಪಂದ್ಯಕ್ಕೆ ಇಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಇನ್ನೊಂದು ಅಷ್ಟೇ ಮೊತ್ತ. ಪೂಜಾ ಅವರ ಲೂಯಿವಿಲ್ ಪಂದ್ಯದಲ್ಲಿ ಒಬ್ಬ ತೀರ್ಪುಗಾರ ಮೂರೂ ರೌಂಡುಗಳನ್ನು ಅವರಿಗೆ ಕೊಟ್ಟ, ಇನ್ನೊಬ್ಬ ಮೂರನ್ನೂ ಎದುರಾಳಿಗೆ ಕೊಟ್ಟ, ಮೂರನೆಯವನ ಒಂದು ಅಂಕದಲ್ಲಿ ಗೆಲುವು ಬಂತು. ಅಂಥ ಒಂದು ಅಂಕದ ಮೇಲೆ ಅರ್ಧ ಸಂಪಾದನೆ ನಿಂತಿರುವ ವೃತ್ತಿ ಇದು. ಬಂದದ್ದರಲ್ಲಿ ಮ್ಯಾನೇಜರ್‌ಗೆ ಪಾಲು, ಕೋಚ್‌ಗೆ ಪಾಲು, ತೆರಿಗೆ. ವರ್ಷಕ್ಕೆ ಎರಡೋ ಮೂರೋ ಪಂದ್ಯ, ಗಾಯವಾದರೆ ಅದೂ ಇಲ್ಲ. ಯುಎಫ್‌ಸಿಯ ಸ್ಪರ್ಧಿಗಳು ಕೂಡ ನೌಕರರಲ್ಲ, ಗುತ್ತಿಗೆದಾರರು. ಸಂಭಾವನೆಯನ್ನು ಅನ್ಯಾಯವಾಗಿ ತಗ್ಗಿಸಿದರೆಂದು ಹಳೆಯ ಸ್ಪರ್ಧಿಗಳು ಹೂಡಿದ ದಾವೆ 37.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿದು ನ್ಯಾಯಾಲಯದ ಅಂತಿಮ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಆದ್ದರಿಂದ ಜೂಡೋ ಪ್ರಮಾಣಪತ್ರಗಳನ್ನು ಜೋಪಾನ ಮಾಡು, ಕ್ರೀಡಾ ಕೋಟಾದ ನೌಕರಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡ. ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸವಿದ್ದರೆ, ಬಾಡಿಗೆ ಕಟ್ಟಬೇಕಾದ ತಿಂಗಳು ಕೆಟ್ಟ ಪಂದ್ಯವೊಂದನ್ನು ಒಪ್ಪಿಕೊಳ್ಳುವ ಹಂಗು ಇರುವುದಿಲ್ಲ.

ಜಿಮ್ಮಿನ ನಡವಳಿಕೆಯ ಬಗ್ಗೆ ಎರಡೇ ಮಾತು. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ಏಕೆ ಧರಣಿ ಕೂತರೆಂದು ನಿನಗೆ ಗೊತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ತೂಕ ಕೊಡುವುದು, ಕೋಚ್ ಜೊತೆ ಒಬ್ಬಳೇ ಊರೂರು ತಿರುಗುವುದು, ಇವೆರಡಕ್ಕೂ ಮೊದಲ ದಿನವೇ ಆಗುವುದಿಲ್ಲವೆಂದು ಹೇಳಿಬಿಡು. ಅಲ್ಲಿ ಈಗಾಗಲೇ ಅಭ್ಯಾಸ ಮಾಡುವ ಹೆಣ್ಣುಮಕ್ಕಳನ್ನು, ಬಿಟ್ಟುಹೋದವರನ್ನೂ, ಕೋಚ್ ಇಲ್ಲದಾಗ ಮಾತಾಡಿಸು.

ನಿಮ್ಮಪ್ಪನ ಜೊತೆ ಈ ವಾರವೇ ಮಾತಾಡುತ್ತೇನೆ. ಅವನು ಸಂಪೂರ್ಣ ಒಪ್ಪುತ್ತಾನೆಂದು ನಾನು ಭರವಸೆ ಕೊಡಲಾರೆ. ಆದರೆ ಒಂದು ವರ್ಷದ ತರಬೇತಿಗೆ, ನೌಕರಿಯ ಪರೀಕ್ಷೆಗಳನ್ನು ಬಿಡಬಾರದೆಂಬ ಷರತ್ತಿನ ಮೇಲೆ, ಒಪ್ಪಿಸಬಲ್ಲೆ. ಮುಂದಿನ ತಿಂಗಳು ಅವನನ್ನೂ ಕರೆದುಕೊಂಡು ಬೆಂಗಳೂರಿಗೆ ಬಂದು ಜಿಮ್ ನೋಡುತ್ತೇನೆ, ಕೋಚ್ ಜೊತೆ ಕೂತು ಮಾತಾಡುತ್ತೇನೆ. ನಿನಗೆ ಕೊಟ್ಟಿರುವ ಕರಾರಿನ ಪ್ರತಿಯನ್ನು ಅಷ್ಟರೊಳಗೆ ನನಗೆ ಕಳುಹಿಸು. ಇಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ, ಅವರು ಓದಿ ಹೇಳುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಇಂತಿ,
ನಿನ್ನ ಅತ್ತೆ