ಯಾರ ವಿರುದ್ಧದ ಸರಾಸರಿ?

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಪಂದ್ಯಗಳ ಮುನ್ನೋಟದಲ್ಲಿ ಎರಡು ತಂಡಗಳ ಗೋಲು ಸರಾಸರಿಯನ್ನು ಅಕ್ಕಪಕ್ಕ ಅಚ್ಚು ಹಾಕಿ, ಸರಾಸರಿ ಹೆಚ್ಚಿರುವ ತಂಡವೇ ಬಲಿಷ್ಠವೆಂದು ಸೂಚಿಸುವ ಪರಿಪಾಠ ಕ್ರೀಡಾಪುಟಗಳಲ್ಲಿ ಬೆಳೆದುಬಂದಿದೆ. ಆ ಗೋಲುಗಳು ಯಾರ ವಿರುದ್ಧ ಬಂದವು ಎಂಬುದನ್ನು ಹೇಳುವುದು ಅಪರೂಪ. ಇಂಥ ಅಂಕಿಗಳಿಂದಲೇ ಬೆಟ್ಟಿಂಗ್ ಮಾದರಿ (ಫಲಿತಾಂಶ ಊಹಿಸುವ ಲೆಕ್ಕಸೂತ್ರ) ಕಟ್ಟುವವರೂ ಅದನ್ನು ನಂಬಿ ಹಣ ಹೂಡುವವರೂ ಇರುವುದರಿಂದ, ಸಂಖ್ಯಾಶಾಸ್ತ್ರ ಕಲಿಸುವ ನಾನು ಇದನ್ನು ಸಣ್ಣ ಲೋಪವೆಂದು ಬಿಡಲಾರೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ತಂಡ 6 ಪಂದ್ಯಗಳಲ್ಲಿ 12 ಗೋಲು ಹೊಡೆದಿದೆ, ಇನ್ನೊಂದು ಅಷ್ಟೇ ಪಂದ್ಯಗಳಲ್ಲಿ 9. ಸರಾಸರಿ 2 ಮತ್ತು 1.5, ಮೊದಲನೆಯದೇ ಮೇಲೆನಿಸುತ್ತದೆ. ಆದರೆ ಮೊದಲ ತಂಡ ಎದುರಿಸಿದವರು ಉಳಿದ ತಂಡಗಳೊಂದಿಗೆ ಆಡುವಾಗಲೂ ಪಂದ್ಯಕ್ಕೆ ಸರಾಸರಿ 1.8 ಗೋಲು ಬಿಟ್ಟುಕೊಡುವವರು, ಎರಡನೆಯದರ ಎದುರಾಳಿಗಳು ಬಿಟ್ಟುಕೊಡುವುದು 1 ಮಾತ್ರ ಎಂದಾದರೆ, ಮೊದಲ ತಂಡ ನಿರೀಕ್ಷೆಗಿಂತ ಶೇ 11ರಷ್ಟು, ಎರಡನೆಯದು ಶೇ 50ರಷ್ಟು ಹೆಚ್ಚು ಗೋಲು ಗಳಿಸಿದಂತಾಯಿತು. ಲೀಗ್‌ನ ಸರಾಸರಿ ಪಂದ್ಯಕ್ಕೆ ತಂಡವೊಂದಕ್ಕೆ 1.4 ಗೋಲು ಎಂದಿಟ್ಟುಕೊಂಡರೆ, ಸಾಧಾರಣ ರಕ್ಷಣೆಯ ಎದುರಾಳಿಗೆ ಮೊದಲನೆಯದು ಸುಮಾರು 1.56, ಎರಡನೆಯದು 2.1 ಗೋಲು ಹೊಡೆಯುವ ತಂಡ. ಮುನ್ನೋಟವೇ ತಲೆಕೆಳಗಾಯಿತು.

ಇಲ್ಲಿ ‘ಉಳಿದ ತಂಡಗಳೊಂದಿಗೆ’ ಎಂಬ ಮಾತನ್ನು ಕೈಬಿಡುವಂತಿಲ್ಲ. ಎದುರಾಳಿಯ ಲೆಕ್ಕದಲ್ಲಿ ನಮ್ಮ ತಂಡ ಹೊಡೆದ ಗೋಲುಗಳೂ ಸೇರಿಕೊಂಡರೆ, ನಮ್ಮ ಸಾಧನೆಯೇ ಎದುರಾಳಿಯ ದೌರ್ಬಲ್ಯವಾಗಿ ಕಾಣುತ್ತದೆ. ಎದುರಾಳಿಯ ಅಂಕಿಯನ್ನು ಅವರ ಎದುರಾಳಿಗಳಿಗೆ ತಕ್ಕಂತೆ ತಿದ್ದಬೇಕಾಗುವುದರಿಂದ, ಎಲ್ಲ ತಂಡಗಳ ದಾಳಿ ಮತ್ತು ರಕ್ಷಣೆಯ ಬಲವನ್ನು ಒಟ್ಟಿಗೇ ಅಂದಾಜಿಸುವುದು ಸರಿಯಾದ ದಾರಿ. 1982ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಾಹರ್ ತಮ್ಮ ಪ್ರಬಂಧದಲ್ಲಿ ಇದನ್ನೇ ಮಾಡಿದರು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇತ್ತೀಚಿನ ಪಂದ್ಯಗಳಿಗೆ ಹೆಚ್ಚು ತೂಕ ಕೊಟ್ಟು ಅದನ್ನು ಬೆಟ್ಟಿಂಗ್ ದರಗಳ ಎದುರು ಪರೀಕ್ಷಿಸಿದರು. ಫಿಫಾ ಕೂಡ 2018ರಿಂದ, ಎದುರಾಳಿಯ ಬಲಕ್ಕೆ ತಕ್ಕಂತೆ ಅಂಕ ಏರುಪೇರಾಗುವ ಎಲೋ ಮಾದರಿಯ ಪದ್ಧತಿಯಲ್ಲಿ ಪುರುಷರ ಶ್ರೇಯಾಂಕ ನೀಡುತ್ತಿದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತಪ್ಪು. ಅಕ್ಟೋಬರ್ ತಿಂಗಳ ಪಂದ್ಯವನ್ನು ಊಹಿಸಲು, ಅದೇ ಋತು ಮುಗಿಯುವ ಮುಂದಿನ ಮೇ ತಿಂಗಳವರೆಗಿನ ಎದುರಾಳಿ ಅಂಕಿಗಳನ್ನು ಬಳಸಿದ ಮಾದರಿ ಕಾಗದದ ಮೇಲೆ ಸೊಗಸಾದ ಲಾಭ ತೋರಿಸುತ್ತದೆ. ಪಂದ್ಯದ ಹಿಂದಿನ ದಿನ ಆ ಅಂಕಿಗಳು ಯಾರ ಬಳಿಯೂ ಇರುವುದಿಲ್ಲ. ಇಂಥ ಲಾಭವನ್ನು ನಂಬಿದವರು ಕಳೆದುಕೊಳ್ಳುವುದು ನಿಜವಾದ ಹಣ. ಸರಿಯಾಗಿ ತಿದ್ದಿದ ಅಂಕಿಯೂ ಗೆಲುವಿನ ಭರವಸೆಯಲ್ಲ, ಏಕೆಂದರೆ ಬೆಟ್ಟಿಂಗ್ ದರ ನಿಗದಿಪಡಿಸುವ ಬುಕ್‌ಮೇಕರ್‌ಗಳ ದರದಲ್ಲಿ ಎದುರಾಳಿಯ ಬಲ ಬಹುಮಟ್ಟಿಗೆ ಸೇರಿಹೋಗಿರುತ್ತದೆ.

ಆದ್ದರಿಂದ ಸರಾಸರಿಯ ಪಕ್ಕದಲ್ಲಿ ಎದುರಾಳಿಗಳು ಬಿಟ್ಟುಕೊಟ್ಟ ಗೋಲುಗಳ ಸರಾಸರಿಯನ್ನೂ, ಎಷ್ಟು ಪಂದ್ಯಗಳ ಲೆಕ್ಕ ಎಂಬುದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. ಆಡಿರುವುದು ಐದಾರು ಪಂದ್ಯ ಮಾತ್ರವಾಗಿದ್ದರೆ, ಅದರಲ್ಲಿ ಆಕಸ್ಮಿಕದ ಪಾಲು ಹೆಚ್ಚಿರುವುದರಿಂದ ತಿದ್ದಿದ ಅಂಕಿಯನ್ನೂ ಲೀಗ್ ಸರಾಸರಿಯ ಕಡೆಗೆ ಸಾಕಷ್ಟು ಎಳೆದು ಓದಬೇಕೆಂಬ ಒಂದು ಸಾಲು ಅದರ ಕೆಳಗಿರಲಿ.

ಇತಿ,
ಸಂಖ್ಯಾಶಾಸ್ತ್ರದ ಒಬ್ಬ ಅಧ್ಯಾಪಕ