ಉಯ್ಯಾಲೆಯಲ್ಲ ಪುಟ್ಟಿ, ಅದು ಗೀಜಗನ ಅರ್ಧ ಮನೆ

ಬೆಂಗಳೂರು,
ಭಾನುವಾರ

ಪ್ರೀತಿಯ ಪುಟ್ಟಿ,

ಏಳು ವರ್ಷದವಳಿದ್ದಾಗ ಹೆಸರಘಟ್ಟದಲ್ಲಿ ಜಾಲಿಮರದ ಕೆಳಗೆ ನೀನು ಹೆಕ್ಕಿದ ಗೀಜಗನ ಗೂಡು ಇನ್ನೂ ನಮ್ಮ ಕಪಾಟಿನ ಮೇಲಿದೆ. ಗಂಟೆಯಂತೆ ಬುಡ ತೆರೆದಿರುವ ಗೂಡು, ನಡುವೆ ಅಡ್ಡಕ್ಕೊಂದು ಹುಲ್ಲಿನ ಪಟ್ಟಿ. 'ಹಕ್ಕಿಯ ಉಯ್ಯಾಲೆ' ಎಂದಿದ್ದೆ ನೀನು. ಗಾಳಿಗೆ ಹರಿದ ಗೂಡು ಎಂದಿದ್ದೆ ನಾನು. ನನ್ನ ಮಾತು ತಪ್ಪು. ಹೆಣ್ಣು ಒಪ್ಪದೆ ಹೋದದ್ದರಿಂದ ಅರ್ಧಕ್ಕೇ ನಿಂತ ಗೂಡು ಅದು.

ಇವತ್ತು ಬೆಳಿಗ್ಗೆ ಮತ್ತೆ ಅಲ್ಲಿಗೆ ಹೋಗಿದ್ದೆ. ನೀರಿನತ್ತ ಬಾಗಿದ ಈಚಲು ಮರದಲ್ಲಿ ಹತ್ತು ಹನ್ನೆರಡು ಗೂಡುಗಳಿದ್ದವು. ನೆತ್ತಿಗೆ ಅರಿಸಿನ ಬಳಿದಂತಿದ್ದ ಗಂಡೊಂದು ಹುಲ್ಲಿನ ಗರಿಯ ಅಂಚನ್ನು ಬುಡದ ಹತ್ತಿರ ಕಚ್ಚಿ, ಹಿಡಿತ ಬಿಡದೆ ಮೇಲಕ್ಕೆ ಹಾರಿತು. ಉದ್ದನೆಯ ಎಳೆ ಸರ್ರನೆ ಸೀಳಿಕೊಂಡು ಬಂತು. ಅದನ್ನು ಗೂಡಿಗೆ ತಂದು ಕೊಕ್ಕಿನಿಂದ ತೂರಿಸಿ, ಆಚೆಯಿಂದ ಎಳೆದು ಬಿಗಿಯಿತು. ಮತ್ತೆ ಹಾರಿತು. ಒಂದು ಗೂಡಿಗೆ ಇಂಥ ನೂರಾರು ಓಡಾಟ, ಸುಮಾರು 18 ದಿನದ ದುಡಿಮೆ!

ಗೂಡು ಗಂಟೆಯ ಆಕಾರಕ್ಕೆ ಬಂದ ಮೇಲೆ ಗಂಡು ಅದಕ್ಕೇ ಜೋತುಬಿದ್ದು, ರೆಕ್ಕೆ ಬಡಿಯುತ್ತ ಕೂಗುತ್ತದೆ. ಗುಬ್ಬಿಯಂತೆ ಕಾಣುವ ಹೆಣ್ಣು ಬಂದು ನಿನ್ನ ಆ 'ಉಯ್ಯಾಲೆ'ಯ ಮೇಲೆ ಕುಳಿತು ಪರೀಕ್ಷಿಸುತ್ತದೆ. ಒಪ್ಪಿದರೆ ಮೊಟ್ಟೆಯ ಕೋಣೆ ಮುಗಿಯುತ್ತದೆ, ಉದ್ದನೆಯ ಕೊಳವೆಯ ಬಾಗಿಲು ಇಳಿಯುತ್ತದೆ. ಎರಡರಿಂದ ನಾಲ್ಕು ಬಿಳಿ ಮೊಟ್ಟೆ. ಕಾವು ಕೊಡುವುದು ಹೆಣ್ಣೇ. ಗಂಡು ಅಷ್ಟರಲ್ಲಿ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡು ಶುರುಮಾಡಿರುತ್ತದೆ. 1930ರಲ್ಲಿ ಕಿಹಿಮ್ ಎಂಬ ಕಡಲತೀರದ ಊರಿನಲ್ಲಿ ಪಕ್ಷಿತಜ್ಞ ಸಲೀಂ ಅಲಿ ದಿನಗಟ್ಟಲೆ ಕಾದು ಕುಳಿತು ಇದನ್ನು ಕಂಡುಕೊಂಡರು. ಆ ತಾಳ್ಮೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಗೂಡಿನೊಳಗೆ ಒಣಗಿದ ಮಣ್ಣಿನ ಉಂಡೆಗಳಿವೆಯಲ್ಲ, ದೀಪಕ್ಕೆಂದು ಮಿಂಚುಹುಳು ಅಂಟಿಸುವ ಮಣ್ಣು ಎಂದು ಅಜ್ಜಿ ಹೇಳುತ್ತಿದ್ದರು. ಮಣ್ಣನ್ನು ಗಂಡೇ ತಂದು ಮೆತ್ತುವುದು ನಿಜ. ಮಿಂಚುಹುಳು ಮಾತ್ರ ಕಥೆ.

ನಮ್ಮ ಮನೆಯ ಹತ್ತಿರದ ಕೆರೆಯಂಚಿನ ಎತ್ತರದ ಹುಲ್ಲನ್ನು ಕಳೆ ಎಂದು ಕೊಚ್ಚಿ, ಕಲ್ಲು ಹಾಸಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ಸೀಳಲು ಹುಲ್ಲಿಲ್ಲದ ಮೇಲೆ ಗೀಜಗ ಅಲ್ಲಿ ಏನು ನೇಯಬೇಕು?

ಮುಂದಿನ ಶನಿವಾರ ಬರುತ್ತೀಯಲ್ಲ, ಭಾನುವಾರ ನಸುಕಿನಲ್ಲೇ ಹೊರಡೋಣ. ಆ ಈಚಲಿನ ಕೆಳಗಿನ ಗರಿಯ ಗೂಡಿಗೆ ಇವತ್ತು ಇನ್ನೂ ಕೊಳವೆ ಇಳಿದಿರಲಿಲ್ಲ.

ನಿನ್ನ,
ಅಪ್ಪ