ಅಪೀಲು ಬಾಕಿ ಇರುವಾಗ ತೋಟಕ್ಕೆ ಕೊಡಲಿ ಬೇಡ: ನಮ್ಮ ಎಂಎಲ್ಎಯವರಿಗೆ ಒಂದು ಬಹಿರಂಗ ಪತ್ರ

ಮಂಜೇಶ್ವರದ ಮಾನ್ಯ ಶಾಸಕರಿಗೆ ನಮಸ್ಕಾರ,

ಆಸ್ತಿ ಪಾಲಿನ ಕೇಸಲ್ಲಿ ಸೋತವರು ಅಪೀಲು ಹಾಕಿದ ಕೂಡ್ಲೇ ತೀರ್ಪಿನ ಜಾರಿ ನಿಲ್ತದೆ ಅಂತ ನಮ್ಮೂರಲ್ಲಿ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 41 ರೂಲ್ 5 ನೋಡಿದ್ರೆ ಸ್ಟೇಗೆ ಬೇರೆಯೇ ಅರ್ಜಿ ಹಾಕ್ಬೇಕು, ತಡ ಮಾಡ್ಲಿಲ್ಲ ಅಂತ ತೋರಿಸ್ಬೇಕು, ದೊಡ್ಡ ನಷ್ಟ ಆಗ್ತದೆ ಅಂತ ಹೇಳ್ಬೇಕು, ಜಾಮೀನು ಕೊಡ್ಬೇಕು. ಅರ್ಜಿ ಬೆಂಚಿಗೆ ಬರುವ ಮೊದಲೇ ಕೋರ್ಟಿನ ಅಮೀನ ಬಂದು ಸ್ವಾಧೀನ ಕೊಡಿಸಿ ಹೋದ್ರೆ ಮತ್ತೆ ಎಂತ ಮಾಡುದು?

ನಮ್ಮ ದೊಡ್ಡಮ್ಮನ ತರವಾಡಿನದ್ದು, ಅಂದ್ರೆ ಒಟ್ಟು ಕುಟುಂಬದ್ದು, ಈಗ ಅದೇ ಅವಸ್ಥೆ. ಮೊದಲು ಅಳಿಯಸಂತಾನ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಪದ್ಧತಿ), ಅದರ ಬಗ್ಗೆ 1949ರ ಮದ್ರಾಸ್ ಕಾಯ್ದೆ, ಆಮೇಲೆ ಒಟ್ಟು ಕುಟುಂಬ ಪದ್ಧತಿಯನ್ನೇ ರದ್ದು ಮಾಡಿದ ಕೇರಳದ 1975ರ ಕಾಯ್ದೆ 1976 ಡಿಸೆಂಬರ್ 1ಕ್ಕೆ ಜಾರಿಗೆ ಬಂದು ಕುಟುಂಬದವರೆಲ್ಲ ಕಾಗದದಲ್ಲಿ ಬೇರೆ ಬೇರೆ ಹಿಸ್ಸೆದಾರರಾದ್ರು, ಆದ್ರೆ ಮನೆ ತೋಟ ದೈವಸ್ಥಾನ ಎಲ್ಲ ಒಟ್ಟಿಗೇ ಉಳೀತು. ಈಗ ಆ ದಿನ ಯಾರ್ಯಾರು ಬದುಕಿದ್ರು, ಯಾರು ಯಾವ ಕವರಿನವರು (ಕುಟುಂಬದ ಯಾವ ಕವಲಿನವರು) ಅಂತ ಜಗಳ. ತೀರ್ಪು ತಪ್ಪು ಅಂತ ನಿಮ್ಮ ಹತ್ರ ವಾದಿಸ್ಲಿಕ್ಕೆ ಬಂದದ್ದಲ್ಲ, ಕೋರ್ಟಿನ ಕೆಲಸಕ್ಕೆ ನೀವು ಕೈ ಹಾಕ್ಲೂ ಬಾರದು. ಆದ್ರೆ ಜಾಗ ಅಳೆದು ಪಾಲು ಮಾಡ್ಲಿಕ್ಕೆ ಕೋರ್ಟು ಕಳಿಸಿದ ಕಮಿಷನರ ಪ್ಲಾನಲ್ಲಿ ಗೆರೆ ಎಳೆದದ್ದು ಹೇಗೆ ಅಂದ್ರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಿ ಒಬ್ಬರ ಪಾಲಿಗೆ, ಅದರ ನೀರು ಕುಡಿಯುವ ಅಡಿಕೆ ತೋಟ ಇನ್ನೊಬ್ಬರ ಪಾಲಿಗೆ! ಬಾಯಾರು, ಎಣ್ಮಕಜೆ ಕಡೆಯವರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ, ಒಂದು ಬೇಸಗೆ ನೀರು ನಿಂತ್ರೆ ತೋಟ ಸತ್ತ ಹಾಗೆ.

ಅಪೀಲಲ್ಲಿ ಗೆದ್ರೆ ವಾಪಸ್ ಸಿಗ್ತದಲ್ಲ, ಅದೇ ಸಿವಿಲ್ ಕೋಡಿನ ಸೆಕ್ಷನ್ 144 ಉಂಟಲ್ಲ ಅಂತ ವಕೀಲರು ಹೇಳ್ತಾರೆ. ಜಾಗ ವಾಪಸ್ ಬರ್ಬಹುದು ಸರ್, ಕಡಿದ ಮರ ಬರ್ತದಾ, ಹೊಸ ಸಸಿ ನೆಟ್ಟು ಫಲ ಕಾಣ್ಲಿಕ್ಕೆ 5-6 ವರ್ಷ ಬೇಕು, ದೊಡ್ಡಮ್ಮನಿಗೆ ಅಷ್ಟು ಆಯುಷ್ಯ ಉಂಟಾ ಅಂತ ಯಾರು ಹೇಳುದು.

ಗೆದ್ದವರಿಗೆ ಡಿಕ್ರಿ ಜಾರಿ ಮಾಡಿಸ್ಲಿಕ್ಕೆ 12 ವರ್ಷ ಟೈಮ್ ಉಂಟು. ಸೋತವರಿಗೆ ಅಪೀಲಿಗೆ ಇರುವುದು ಜಿಲ್ಲಾ ಕೋರ್ಟಾದ್ರೆ 30 ದಿನ, ಹೈಕೋರ್ಟಾದ್ರೆ 90 ದಿನ, ಅದೂ ಇಲ್ಲಿಂದ ಎರ್ನಾಕುಲಂವರೆಗೆ ರಾತ್ರಿ ಟ್ರೈನು ಹಿಡಿದು ಓಡಾಡಿಕೊಂಡು. ಇಷ್ಟು ವ್ಯತ್ಯಾಸ ಇರುವಾಗ ಕೆಲವು ತಿಂಗಳು ಕಾದ್ರೆ ಗೆದ್ದವರಿಗೆ ಎಂತ ಹಾಳಾಗ್ತದೆ? ಎಷ್ಟೋ ಕೇಸಲ್ಲಿ ಗೆದ್ದವರು ವರ್ಷಗಟ್ಟಲೆ ಕಾದ ಹೆಣ್ಣುಮಕ್ಕಳೇ, ಅವರ ಹಕ್ಕನ್ನು ಸ್ಟೇ ಹೆಸರಲ್ಲಿ ಕೊಳೆಸ್ಬೇಕು ಅಂತ ನಾನು ಖಂಡಿತ ಹೇಳುದಿಲ್ಲ. ಸ್ಟೇ ಅರ್ಜಿಯನ್ನು ಜಡ್ಜು ಒಮ್ಮೆ ಕೇಳುವವರೆಗೆ ಮನೆ ಕೆಡವುದು, ಮರ ಕಡಿಯುದು, ಮಾರುದು, ನೀರು ತಡೆಯುದು ಬೇಡ, ಅಷ್ಟೇ. ಅಷ್ಟರವರೆಗಿನ ಫಸಲಿನ ದುಡ್ಡು ಬೇಕಾದ್ರೆ ಕೋರ್ಟಲ್ಲೇ ಡೆಪಾಸಿಟ್ ಇಡ್ಲಿ.

ನಿಮ್ಮಿಂದ ಆಗುವ ಕೆಲಸ ಉಂಟು. ಕೋಡಿನ ಈ ರೂಲುಗಳನ್ನು ತಿದ್ದುವ ಅಧಿಕಾರ ಸೆಕ್ಷನ್ 122ರಲ್ಲಿ ಹೈಕೋರ್ಟಿಗೇ ಉಂಟು, ಹಾಗಾಗಿ ಪಾಲಿನ ಕೇಸಿಗೆ ಇಂಥ ಚಿಕ್ಕ ತಡೆ ತನ್ನಿಂತಾನೇ ಸಿಗುವ ಹಾಗೆ ತಿದ್ದುಪಡಿ ಕೇಳಿ ಎಂದು ಕಾನೂನು ಮಂತ್ರಿಗಳ ಮೇಲೆ ಸಭೆಯಲ್ಲಿ ಒತ್ತಡ ಹಾಕಿ. ವಿಲ್ಲೇಜ್ ಆಫೀಸಲ್ಲಿ ಪೋಕುವರವು (ಜಾಗದ ಖಾತೆ ಬದಲಾವಣೆ) ಮಾಡುವಾಗ ಅಪೀಲು ಬಾಕಿ ಉಂಟು ಅಂತ ದಾಖಲೆಯಲ್ಲಿ ಬರೆಸ್ಲಿಕ್ಕೆ ಕಂದಾಯ ಇಲಾಖೆಗೆ ಹೇಳಿ, ತೀರ್ವೆ (ಭೂಕಂದಾಯ) ರಶೀದಿ ತೋರಿಸಿ ಜಾಗ ಮಾರುವವರು ಇದ್ದಾರೆ. ಮತ್ತೆ ಜಾರಿ ನೋಟೀಸು ಕನ್ನಡದಲ್ಲಿ ಬರ್ಲಿ, ದೊಡ್ಡಮ್ಮನಿಗೆ ಬಂದದ್ದನ್ನು ಓದಿ ಹೇಳ್ಲಿಕ್ಕೆ ಪಕ್ಕದ ಮನೆಯವರನ್ನು ಕರೀಬೇಕಾಯ್ತು, ಅಷ್ಟರಲ್ಲಿ ದಿನಗಳು ಹೋದ್ವು.

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತುತ್ತೀರಾ ಇಲ್ವಾ, ಅದಕ್ಕೊಂದು ಉತ್ತರ ಕೊಡಿ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಮತದಾರ